ಮರದ ಕುದುರೆಗೆ ವಯಸ್ಸೆಷ್ಟು?

ಕೆನಡಾದ ಟೊರಾಂಟೊ ನಗರದ ಅಂಚಿನಲ್ಲಿ, ಒಂಟಾರಿಯೊ ಸರೋವರದ ದಂಡೆಯ ಮೇಲೆ, ಸನ್ನಿಸೈಡ್ ಎಂಬ ವಿಹಾರತಾಣವೊಂದಿತ್ತು. 1922ರಲ್ಲಿ ಅದು ಆರಂಭವಾದಾಗ ಅಲ್ಲಿಗೆ ಬಂದ ಆಕರ್ಷಣೆಗಳಲ್ಲಿ ಮರದ ಕುದುರೆಗಳ ಒಂದು ಮೆರಿ-ಗೋ-ರೌಂಡ್ ಕೂಡ ಸೇರಿತ್ತು. ಅಮೆರಿಕದ ಫಿಲಡೆಲ್ಫಿಯದ ಡೆಂಟ್ಜೆಲ್ ಕುಟುಂಬದವರ ಕಾರ್ಖಾನೆಯಲ್ಲಿ ತಯಾರಾದದ್ದು ಅದು. ಜರ್ಮನಿಯಿಂದ ವಲಸೆ ಬಂದ ಈ ಮನೆತನ ಮರದಲ್ಲಿ ಕುದುರೆ ಕೆತ್ತುವುದರಲ್ಲಿ ದೊಡ್ಡ ಹೆಸರು ಮಾಡಿತ್ತು. ಮೂರು ದಶಕಗಳ ಕಾಲ ಟೊರಾಂಟೊದ ಮಕ್ಕಳು ಆ ಕುದುರೆಗಳನ್ನೇರಿ ಸುತ್ತಿದರು. ಆಮೇಲೆ ಸರೋವರದ ದಂಡೆಗುಂಟ ಹೆದ್ದಾರಿ ಬಂತು. ಐವತ್ತರ ದಶಕದ ನಡುವಿನಲ್ಲಿ ಸನ್ನಿಸೈಡ್ ನೆಲಸಮವಾಯಿತು. ಕುದುರೆಗಳು ಮಾರಾಟಕ್ಕೆ ಬಂದವು.

ಕೊಂಡವನು ವಾಲ್ಟ್ ಡಿಸ್ನಿ. ಆ ಕುದುರೆಗಳು ಇವತ್ತಿಗೂ ಕ್ಯಾಲಿಫೋರ್ನಿಯದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನಲ್ಲಿ, ಕೋಟೆಯ ಹೆಬ್ಬಾಗಿಲು ದಾಟಿದೊಡನೆ ಎದುರಾಗುವ ‘ಕಿಂಗ್ ಆರ್ಥರ್ ಕ್ಯಾರೊಸೆಲ್’ನಲ್ಲಿ ಸುತ್ತುತ್ತಿವೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅಂದರೆ ಉದ್ಯಾನಕ್ಕಿಂತ ಅದರೊಳಗಿನ ಕುದುರೆಗಳೇ 33 ವರ್ಷ ಹಿರಿಯವು!

ಪ್ರಪಂಚದ ಅತಿ ಪ್ರಸಿದ್ಧ ಥೀಮ್ ಪಾರ್ಕಿನ ಅತಿ ಹಳೆಯ ಆಟ ಯಾವುದು ಎಂಬ ಪ್ರಶ್ನೆ ಕೇಳಲು ಸುಲಭ, ಉತ್ತರಿಸಲು ಕಷ್ಟ. ಮೊದಲ ದಿನದಿಂದ ಇರುವ ಆಟಗಳು ಇಂದಿಗೂ ಹತ್ತು-ಹನ್ನೆರಡು ಉಳಿದಿವೆ. ಆದರೆ ಅವುಗಳಲ್ಲಿ ಒಂದಾದರೂ ಅಂದಿದ್ದಂತೆಯೇ ಇಂದು ಇಲ್ಲ. ತೇರಿನ ಗಾಲಿ ಸವೆದರೆ ಹೊಸ ಗಾಲಿ, ತೊಲೆ ಹುಳು ಹಿಡಿದರೆ ಹೊಸ ತೊಲೆ. ಆದರೂ ಅದು ಅಜ್ಜನ ಕಾಲದ ತೇರೇ ಎಂದು ಊರಿನವರು ನಂಬುವುದಿಲ್ಲವೆ? ಡಿಸ್ನಿಲ್ಯಾಂಡಿನ ಹಳೆಯ ಆಟಗಳ ಕಥೆಯೂ ಹೆಚ್ಚುಕಡಿಮೆ ಅದೇ. ಒಂದು ವ್ಯತ್ಯಾಸವಿದೆ. ತೇರು ಬದಲಾಗಬಾರದು ಎಂಬುದು ಊರಿನ ಆಸೆ. ಡಿಸ್ನಿಲ್ಯಾಂಡ್ ಎಂದೂ ಮುಗಿಯದು, ಸದಾ ಬದಲಾಗುತ್ತಲೇ ಇರುವುದು ಎಂದು ಅದನ್ನು ಕಟ್ಟಿದವನೇ ಸಾರಿದ್ದ. ಹೀಗಿರುವಾಗ ಹಳೆಯದನ್ನು ಉಳಿಸಬೇಕೋ ಬದಲಿಸಬೇಕೋ ಎಂಬ ಜಗಳ ಆ ಉದ್ಯಾನದ ಹುಟ್ಟಿನೊಂದಿಗೇ ಹುಟ್ಟಿತು.

ಬೆಂಚಿನ ಮೇಲೆ ಕುಳಿತ ಅಪ್ಪ

ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಒಂದು ಮೆರಿ-ಗೋ-ರೌಂಡ್ ಇದೆ. ವಾರಾಂತ್ಯಗಳಲ್ಲಿ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಕುದುರೆಯೇರಿ ಸುತ್ತುವಾಗ ಅಪ್ಪ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡಬಹುದಾದ ಜಾಗವೊಂದಿದ್ದರೆ ಎಂಬ ಯೋಚನೆ ಬಂದದ್ದು ಆ ಬೆಂಚಿನ ಮೇಲೆಯೇ ಎಂದು ಆತ ಮುಂದೆ ಹೇಳಿಕೊಂಡ. ದೊಡ್ಡ ಉದ್ಯಮಿಗಳು ತಮ್ಮ ಉದ್ಯಮದ ಮೂಲವನ್ನು ಇಂಥ ಒಂದು ಪುಟ್ಟ ಕಥೆಗೆ ಇಳಿಸುವುದು ವಾಡಿಕೆ. ಆದರೆ ಈ ಕಥೆಗೆ ಒಂದು ಸಾಕ್ಷ್ಯವಿದೆ. ಟೊರಾಂಟೊದ ಕುದುರೆಗಳು ಬಂದಾಗ ಡಿಸ್ನಿ ಹಾಕಿದ ಷರತ್ತು, ನಿಂತ ಕುದುರೆ ಒಂದೂ ಇರಕೂಡದು, ಎಲ್ಲವೂ ಮೇಲೆ ಕೆಳಗೆ ಜಿಗಿಯಬೇಕು ಎಂಬುದು. ಗ್ರಿಫಿತ್ ಪಾರ್ಕಿನ ಕುದುರೆಗಳೆಲ್ಲ ಜಿಗಿಯುವವೇ. ನಿಂತ ಕುದುರೆಯ ಮೇಲೆ ಕುಳಿತ ಮಗುವಿನ ಮುಖ ಹೇಗೆ ಬಾಡುತ್ತದೆ ಎಂಬುದು ಬೆಂಚಿನ ಮೇಲೆ ಕುಳಿತು ನೋಡಿದವನಿಗೆ ಮಾತ್ರ ಗೊತ್ತಿರುತ್ತದೆ.

ಆ ಷರತ್ತಿನಿಂದ ಕೆಲಸ ಹೆಚ್ಚಿತು. ಸಾಲದ ಕುದುರೆಗಳನ್ನು ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಮತ್ತಿತರ ಕಡೆಗಳ ಹಳೆಯ ಮೆರಿ-ಗೋ-ರೌಂಡ್‌ಗಳಿಂದ ಹುಡುಕಿ ತಂದರು. ಒಟ್ಟು 72 ಕುದುರೆಗಳು, ನಾಲ್ಕು ಸಾಲು. ಕುದುರೆಯೇರಲಾರದವರು ಕೂರಲೆಂದು ಅದರಲ್ಲಿದ್ದ ಕೆತ್ತನೆಯ ಪೀಠಗಳನ್ನು ಕಿತ್ತರು. ಹಾಗೆಂದು ಎಸೆಯಲಿಲ್ಲ, ಪಕ್ಕದಲ್ಲೇ ಓಡುವ ‘ಕೇಸಿ ಜೂನಿಯರ್’ ಎಂಬ ಸರ್ಕಸ್ ರೈಲಿನ ಡಬ್ಬಿಗಳಿಗೆ ಜೋಡಿಸಿದರು. ಇಂದಿಗೂ ಆ ಪುಟಾಣಿ ರೈಲೇರಿದವರು ತಮಗೆ ತಿಳಿಯದೆಯೇ ಮೆರಿ-ಗೋ-ರೌಂಡಿನ ಒಂದು ತುಂಡಿನ ಮೇಲೆ ಕುಳಿತಿರುತ್ತಾರೆ.

ಮೊದಲು ಕುದುರೆಗಳಿಗೆ ಬಗೆಬಗೆಯ ಬಣ್ಣಗಳಿದ್ದವು. ಆದರೆ ಬಂದವರೆಲ್ಲ ಬಿಳಿ ಕುದುರೆಯೇ ಬೇಕೆಂದು ಮುಗಿಬೀಳುತ್ತಿದ್ದರು. ಮೈತುಂಬ ಗೆಜ್ಜೆಗಳ ಕೆತ್ತನೆಯಿರುವ ‘ಜಿಂಗಲ್ಸ್’ ಎಂಬ ಬಿಳಿ ಕುದುರೆಗೆ ಎಲ್ಲಕ್ಕಿಂತ ಬೇಡಿಕೆ. ಕೊನೆಗೆ 1975ರಲ್ಲಿ ಆಡಳಿತದವರು ಜಗಳವನ್ನೇ ಮುಗಿಸಿದರು. ಎಲ್ಲ ಕುದುರೆಗಳಿಗೂ ಬಿಳಿ ಬಣ್ಣ ಬಳಿದರು! 2003ರಲ್ಲಿ ನಾಲ್ಕು ಕುದುರೆಗಳನ್ನು ತೆಗೆದು, ಗಾಲಿಕುರ್ಚಿಯಲ್ಲಿ ಬರುವವರಿಗೂ ಅನುಕೂಲವಾಗುವಂಥ ಒಂದು ಪೀಠವನ್ನು ಇಟ್ಟರು. ಅರ್ಧ ಶತಮಾನದ ಹಿಂದೆ ಡಿಸ್ನಿ ಕಿತ್ತುಹಾಕಿಸಿದ್ದ ಪೀಠ ಬೇರೆ ರೂಪದಲ್ಲಿ ಮರಳಿತು. ಈಗ ಕುದುರೆಗಳ ಸಂಖ್ಯೆ 68.

ಕಬ್ಬಿನ ಗದ್ದೆಯಿಂದ ಬಂದ ಎಂಜಿನ್

ಕುದುರೆಗಳಿಗಿಂತಲೂ ಹಿರಿಯ ಯಂತ್ರವೊಂದು ಅಲ್ಲಿದೆ. ಉದ್ಯಾನವನ್ನು ಸುತ್ತುವರಿದು ಓಡುವ ರೈಲಿನ ಮೂರನೆಯ ಎಂಜಿನ್, ‘ಫ್ರೆಡ್ ಗುರ್ಲಿ’. ಫಿಲಡೆಲ್ಫಿಯದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ಅದು ತಯಾರಾದದ್ದು 1894ರಲ್ಲಿ. ಕುದುರೆ, ಎಂಜಿನ್ ಎರಡಕ್ಕೂ ಒಂದೇ ಊರು ತವರು ಎಂಬುದು ಸ್ವಾರಸ್ಯಕರ. ಈ ಎಂಜಿನ್ ಲೂಸಿಯಾನಾ ಪ್ರಾಂತ್ಯದಲ್ಲಿ ಕಬ್ಬು ಸಾಗಿಸುತ್ತ ಆಯುಷ್ಯ ಕಳೆದಿತ್ತು. ಗುಜರಿಗೆ ಹೋಗಬೇಕಾಗಿದ್ದ ಅದನ್ನು ಕೊಂಡು, ರಿಪೇರಿ ಮಾಡಿ 1958ರಲ್ಲಿ ಹಳಿಗಿಳಿಸಿದರು. ಮರುವರ್ಷ ಬಂದ ನಾಲ್ಕನೆಯ ಎಂಜಿನ್ ‘ಅರ್ನೆಸ್ಟ್ ಮಾರ್ಷ್’ ಕೂಡ ಬಾಲ್ಡ್‌ವಿನ್‌ನದೇ, 1925ರದು.

ಮೊದಲೆರಡು ಎಂಜಿನ್‌ಗಳ ಕಥೆಯೇ ಬೇರೆ. ಡಿಸ್ನಿಗೆ ಉಗಿಬಂಡಿಯ ಹುಚ್ಚು. ತನ್ನ ಮನೆಯ ಹಿತ್ತಲಿನಲ್ಲಿ ನಿಜ ಗಾತ್ರದ ಎಂಟನೇ ಒಂದರಷ್ಟು ಚಿಕ್ಕ ರೈಲೊಂದನ್ನು ಹಾಕಿಸಿಕೊಂಡಿದ್ದ. ಅದರ ಎಂಜಿನ್‌ಗೆ ಹೆಂಡತಿ ಲಿಲಿಯನ್ ಹೆಸರಿನ ನೆನಪಿಗೆ ‘ಲಿಲ್ಲಿ ಬೆಲ್’ ಎಂದು ಹೆಸರಿಟ್ಟಿದ್ದ. ಮನೆಗೆ ಬಂದ ಅತಿಥಿಗಳನ್ನು ಡಬ್ಬಿಗಳ ಮೇಲೆ ಕೂರಿಸಿಕೊಂಡು ತಾನೇ ಎಂಜಿನ್ ನಡೆಸುತ್ತಿದ್ದ. ಆ ಆಟಿಕೆಯ ನಕ್ಷೆಯನ್ನೇ ಹಿಗ್ಗಿಸಿ, ರೋಜರ್ ಬ್ರೋಗಿ ಎಂಬ ನಿಪುಣ ಯಂತ್ರಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಸಿನಿಮಾ ಸ್ಟುಡಿಯೋದ ವರ್ಕ್‌ಶಾಪಿನಲ್ಲೇ ಒಂದನೆಯ ಮತ್ತು ಎರಡನೆಯ ಎಂಜಿನ್‌ಗಳನ್ನು ಕಟ್ಟಿದರು. ಹಳಿಯ ಅಗಲ ಮೂರು ಅಡಿ. ಈ ರೈಲಿನ ಮೇಲೆ ಡಿಸ್ನಿಗೆ ಎಷ್ಟು ಮಮಕಾರವೆಂದರೆ ಅದನ್ನು ಕಂಪೆನಿಯ ಆಸ್ತಿಯಾಗಿಸದೆ ತನ್ನ ಸ್ವಂತದ ಸಂಸ್ಥೆಯ ಹೆಸರಿನಲ್ಲೇ ಇಟ್ಟುಕೊಂಡ. ಆತ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, 1982ರಲ್ಲಷ್ಟೇ ಕಂಪೆನಿ ಅದನ್ನು ಅವನ ಕುಟುಂಬದಿಂದ ಕೊಂಡಿತು.

ಎಂಜಿನ್‌ಗಳು ಇಂದೂ ನೀರು ಕುದಿಸಿ ಹಬೆಯಿಂದಲೇ ಓಡುತ್ತವೆ. ಉರುವಲು ಮಾತ್ರ ಬದಲಾಗಿದೆ. ಮೊದಲು ಡೀಸೆಲ್ ಇತ್ತು. 2007ರಿಂದ ಜೈವಿಕ ಡೀಸೆಲ್. ಅನಂತರ ಉದ್ಯಾನದ ಅಡುಗೆಮನೆಗಳಲ್ಲಿ ಆಲೂಗೆಡ್ಡೆ ಕರಿದು ಉಳಿದ ಎಣ್ಣೆಯನ್ನೂ ಅದಕ್ಕೆ ಬಳಸತೊಡಗಿದರು. 1894ರ ಎಂಜಿನ್‌ನ ಹೊಗೆಗೆ ಇಂಥ ಮೂಲವೂ ಇರಬಹುದೆಂದು ಅದನ್ನು ಕಟ್ಟಿದವರು ಊಹಿಸಿರಲಾರರು.

ಕರಾಳ ಭಾನುವಾರ

ಇಷ್ಟೆಲ್ಲ ಪ್ರೀತಿಯಿಂದ ಕಟ್ಟಿದ ಉದ್ಯಾನ ಬಾಗಿಲು ತೆರೆದ ದಿನ ಮಾತ್ರ ಅವಾಂತರವೋ ಅವಾಂತರ. ಕಿತ್ತಳೆ ತೋಟಗಳನ್ನು ಕಡಿದು, 160 ಎಕರೆ ಜಾಗದಲ್ಲಿ, ಕೇವಲ ಒಂದು ವರ್ಷದಲ್ಲಿ ಎದ್ದುನಿಂತ ಉದ್ಯಾನ ಅದು. ಖರ್ಚು 1 ಕೋಟಿ 70 ಲಕ್ಷ ಡಾಲರ್. ಹಣಕ್ಕಾಗಿ ಡಿಸ್ನಿ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿದ್ದ. ಎಬಿಸಿ ಎಂಬ ದೂರದರ್ಶನ ಸಂಸ್ಥೆಗೆ ಉದ್ಯಾನದ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ಪಾಲನ್ನೇ ಬಿಟ್ಟುಕೊಟ್ಟು, ಅದಕ್ಕಾಗಿ ವಾರವಾರವೂ ಕಾರ್ಯಕ್ರಮ ಮಾಡಿಕೊಡುವ ಒಪ್ಪಂದ ಮಾಡಿಕೊಂಡಿದ್ದ. ಅಂದು ನೇರ ಪ್ರಸಾರ ನಡೆಸಿಕೊಟ್ಟ ಮೂವರಲ್ಲಿ ಒಬ್ಬ ಸಿನಿಮಾ ನಟ ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷನಾದವನು.

ಆಮಂತ್ರಿತರ ಜೊತೆಗೆ ನಕಲಿ ಟಿಕೆಟ್ ಹಿಡಿದವರೂ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಗಳು ಹೂತುಹೋದವು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರೋ ಶೌಚಾಲಯವೋ, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗಿ ಬಂದಿತ್ತು. ಡಿಸ್ನಿ ಶೌಚಾಲಯವನ್ನು ಆರಿಸಿದ. ತಂಪು ಪಾನೀಯ ಮಾರಲೆಂದೇ ನೀರು ನಿಲ್ಲಿಸಿದ್ದಾರೆ ಎಂದು ಬಾಯಾರಿದ ಜನ ಬೈದರು. ‘ಮಾರ್ಕ್ ಟ್ವೇನ್’ ಹಬೆದೋಣಿಗೆ ಮಿತಿ ಮೀರಿ ಜನ ಹತ್ತಿದ್ದರಿಂದ ನೀರು ಕೆಳ ಅಂತಸ್ತಿನ ಹಲಗೆಯ ಮೇಲೆ ಹರಿಯಿತು. ಡಿಸ್ನಿಯ ಬಳಗದವರು ಆ ದಿನವನ್ನು ಬಹುಕಾಲ ‘ಕರಾಳ ಭಾನುವಾರ’ ಎಂದೇ ಕರೆಯುತ್ತಿದ್ದರು.

ಆದರೂ ಜನ ಬಂದರು. ಏಳೇ ವಾರಗಳಲ್ಲಿ ಹತ್ತು ಲಕ್ಷ ಮಂದಿ. ಬಂದದ್ದು ಕಾರಿನಲ್ಲಿ, ಹೊಸದಾಗಿ ಹಾಸುತ್ತಿದ್ದ ಸಾಂಟಾ ಅನಾ ಹೆದ್ದಾರಿಯ ಮೂಲಕ. ಈ ಹೆದ್ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಲೆಕ್ಕಹಾಕಿಯೇ ಅನಾಹೈಮ್‌ನ ಜಾಗವನ್ನು ಗೊತ್ತುಮಾಡಿದ್ದರು. ಉದ್ಯಾನದ ಎಷ್ಟೋ ಮರಗಳು ಕೂಡ ಹೆದ್ದಾರಿಗಳಿಗಾಗಿ ಉರುಳಬೇಕಾಗಿದ್ದವು. ತೋಟಗಾರ ಬಿಲ್ ಇವಾನ್ಸ್ ಅವನ್ನು ಬೇರುಸಹಿತ ಎತ್ತಿ ತಂದು ನೆಟ್ಟಿದ್ದ. ಒಂದು ಹೆದ್ದಾರಿ ಟೊರಾಂಟೊದಲ್ಲಿ ಹಳೆಯ ವಿಹಾರತಾಣವನ್ನು ನುಂಗಿತು, ಇನ್ನೊಂದು ಕ್ಯಾಲಿಫೋರ್ನಿಯದಲ್ಲಿ ಹೊಸದನ್ನು ಸಾಕಿತು. ಟ್ರಾಮ್ ಹಳಿಯ ಕೊನೆಯ ನಿಲ್ದಾಣದಲ್ಲಿರುತ್ತಿದ್ದ ಹಳೆಯ ಮಾದರಿಯ ವಿಹಾರತಾಣಗಳ ಕಾಲ ಮುಗಿದು ಕಾರಿನ ಕಾಲ ಬಂದಿತ್ತು ಎಂಬುದಕ್ಕೆ ಆ ಮರದ ಕುದುರೆಗಳ ಪ್ರಯಾಣವೇ ಸಾಕ್ಷಿ.

ಕಾರಿನ ಕಾಲದ ಆಟವೆಂದರೆ ‘ಆಟೋಪಿಯ’. ಬಾಬ್ ಗರ್ ವಿನ್ಯಾಸಗೊಳಿಸಿದ ಪೆಟ್ರೋಲ್ ಕಾರುಗಳು, ಪುಟ್ಟ ಹೆದ್ದಾರಿ, ಮಕ್ಕಳ ಕೈಯಲ್ಲಿ ಸ್ಟಿಯರಿಂಗ್. ದೇಶದ ನಿಜವಾದ ಹೆದ್ದಾರಿಗಳು ಇನ್ನೂ ಪೂರ್ಣವಾಗಿರದ ಆ ದಿನಗಳಲ್ಲಿ ಅದು ಭವಿಷ್ಯದ ನೋಟವಾಗಿತ್ತು. ಮಕ್ಕಳು ಸಭ್ಯವಾಗಿ ಕಾರು ನಡೆಸುವುದನ್ನು ಕಲಿಯುತ್ತಾರೆಂದು ದೊಡ್ಡವರು ಭಾವಿಸಿದ್ದರು. ಮಕ್ಕಳು ಒಬ್ಬರಿಗೊಬ್ಬರು ಗುದ್ದಿಕೊಂಡರು. ಒಂದು ವಾರ ಕಳೆಯುವುದರೊಳಗೆ ಬಹುಪಾಲು ಕಾರುಗಳು ಕೆಟ್ಟುನಿಂತವು. ಸುತ್ತ ಬಂಪರ್ ಕಟ್ಟಿದ್ದಾಯಿತು. ಸಾಲದೆಂದು, ಸುಮಾರು ಹತ್ತು ವರ್ಷಗಳ ಬಳಿಕ ರಸ್ತೆಯ ನಡುವೆ ಉಕ್ಕಿನ ಹಳಿ ಹಾಕಿ ಕಾರುಗಳನ್ನು ಅದಕ್ಕೆ ಕಟ್ಟಿಹಾಕಿದರು.

ಕಥೆ ಹೇಳುವ ಗಾಡಿಗಳು

ಮರದ ಕುದುರೆ, ಪುಟ್ಟ ಕಾರು, ರೈಲು ಇವೆಲ್ಲ ಬೇರೆ ಕಡೆಗಳಲ್ಲೂ ಇದ್ದಂಥವೇ. ಡಿಸ್ನಿಲ್ಯಾಂಡ್ ಹೊಸದಾಗಿ ಕೊಟ್ಟದ್ದೇನು ಎಂಬುದನ್ನು ತಿಳಿಯಲು ‘ಫ್ಯಾಂಟಸಿಲ್ಯಾಂಡ್’ನ ಕತ್ತಲ ಮನೆಗಳೊಳಗೆ ಹೋಗಬೇಕು. ಗಾಡಿಯಲ್ಲಿ ಕುಳಿತು ಕತ್ತಲೆಯಲ್ಲಿ ಹಾಯುತ್ತ, ಅಲ್ಲಲ್ಲಿ ಬೆಚ್ಚಿಬೀಳುವ ಆಟ ಅಮೆರಿಕದ ಸಂತೆ ಮೈದಾನಗಳಿಗೆ ಹಳೆಯದು. ಅಲ್ಲಿ ಅಸ್ಥಿಪಂಜರ ಹಾರುತ್ತಿತ್ತು, ದೆವ್ವ ಕಿರುಚುತ್ತಿತ್ತು, ಅಷ್ಟೇ. ಡಿಸ್ನಿಯ ಚಿತ್ರಕಾರರು ಅದರೊಳಗೆ ಕಥೆಯನ್ನು ತುಂಬಿದರು. ಕಾರ್ಟೂನ್ ಚಿತ್ರಗಳಿಗೆ ಹಿನ್ನೆಲೆ ಬರೆಯುತ್ತಿದ್ದ ಕ್ಲಾಡ್ ಕೋಟ್ಸ್, ಕೆನ್ ಆಂಡರ್ಸನ್ ಮುಂತಾದವರು ಹಲಗೆಗಳ ಮೇಲೆ ಹೊಳೆಯುವ ಬಣ್ಣದಲ್ಲಿ ದೃಶ್ಯಗಳನ್ನು ಬರೆದು ಅತಿನೇರಳೆ ದೀಪದ ಕೆಳಗಿಟ್ಟರು. ಸಿನಿಮಾದಲ್ಲಿ ಪ್ರೇಕ್ಷಕ ಕುಳಿತಿರುತ್ತಾನೆ, ಚಿತ್ರ ಓಡುತ್ತದೆ. ಇಲ್ಲಿ ಚಿತ್ರ ನಿಂತಿತು, ಪ್ರೇಕ್ಷಕ ಓಡಿದ.

ಅಂಥ ಮೂರು ಆಟಗಳು ಮೊದಲ ವರ್ಷದಿಂದಲೂ ಇವೆ: ‘ಸ್ನೋ ವೈಟ್’, ‘ಪೀಟರ್ ಪ್ಯಾನ್’ ಮತ್ತು ಟೋಡ್ ಎಂಬ ಕಪ್ಪೆರಾಯನ ಕಾರು ಸವಾರಿ. ಪೀಟರ್ ಪ್ಯಾನ್‌ನಲ್ಲಿ ಹಳಿಯನ್ನು ನೆಲದಿಂದ ಎತ್ತಿ ಚಾವಣಿಗೆ ಹಾಕಿದರು. ಅದರಿಂದ ತೂಗುಬಿದ್ದ ಹಡಗಿನಲ್ಲಿ ಕುಳಿತವರಿಗೆ ಕೆಳಗೆ ಲಂಡನ್ ನಗರದ ದೀಪಗಳು ಕಾಣುತ್ತವೆ. ಹಳಿಯ ಜಾಗ ಬದಲಾದದ್ದಷ್ಟೇ. ಓಡುವ ಗಾಡಿ ಹಾರುವ ಹಡಗಾಯಿತು. ಎಂಜಿನಿಯರಿಂಗ್ ಇಷ್ಟು ಸರಳವಾಗಿದ್ದೂ ಏಳು ದಶಕಗಳ ನಂತರ ಅದರ ಮುಂದಿನ ಸಾಲು ಕರಗುವುದೇ ಇಲ್ಲ.

ಸ್ನೋ ವೈಟ್ ಆಟದಲ್ಲಿ ಒಂದು ವಿಚಿತ್ರವಿತ್ತು. ಅಲ್ಲಿ ಕುಳ್ಳರಿದ್ದರು, ಮಾಟಗಾತಿಯಿದ್ದಳು, ವಿಷದ ಸೇಬಿತ್ತು. ಸ್ನೋ ವೈಟ್ ಮಾತ್ರ ಇರಲಿಲ್ಲ! ಗಾಡಿಯಲ್ಲಿ ಕುಳಿತವರೇ ಸ್ನೋ ವೈಟ್ ಎಂಬುದು ಕಲಾವಿದರ ಲೆಕ್ಕಾಚಾರ. ಮಾಟಗಾತಿ ಹೆದರಿಸುವುದು ನಿಮ್ಮನ್ನೇ, ಸೇಬು ಚಾಚುವುದು ನಿಮಗೇ. ನೋಡುವವರಿಗೆ ಇದು ಹೊಳೆಯಲಿಲ್ಲ. ‘ಹುಡುಗಿ ಎಲ್ಲಿ?’ ಎಂದು ಕೇಳುತ್ತ ಹೊರಬರುತ್ತಿದ್ದರು. 28 ವರ್ಷ ಹೀಗೇ ನಡೆದು, 1983ರಲ್ಲಿ ಫ್ಯಾಂಟಸಿಲ್ಯಾಂಡನ್ನು ಹೊಸದಾಗಿ ಕಟ್ಟುವಾಗ ಸ್ನೋ ವೈಟಳ ಬೊಂಬೆಯನ್ನು ಸೇರಿಸಿದರು. ಜಾಣತನದ ಕಲ್ಪನೆಯೊಂದು ಸೋತಿತು ಎನ್ನಬೇಕು. ಆದರೆ ಆಟ ನೋಡುವವರದೇ ಹೊರತು ಮಾಡಿದವರದಲ್ಲ. 2021ರಲ್ಲಿ ಮತ್ತೆ ತಿದ್ದಿದರು. ಈಗ ಅದರಲ್ಲಿ ಭಯ ಕಡಿಮೆ, ಮಂಗಳಕರ ಮುಕ್ತಾಯವೂ ಉಂಟು.

ಇಂಥ ಕೆಲವು ಆಟಗಳ ಗಾಡಿಗಳನ್ನೂ ಯಂತ್ರಗಳನ್ನೂ ಕಟ್ಟಿದವರು ಮೌಂಟನ್ ವ್ಯೂ ಎಂಬ ಊರಿನ ‘ಆರೋ ಡೆವಲಪ್‌ಮೆಂಟ್’ ಎಂಬ ಚಿಕ್ಕ ಸಂಸ್ಥೆಯವರು. ಅದರ ಎಡ್ ಮೋರ್ಗನ್, ಕಾರ್ಲ್ ಬೇಕನ್ ಎಂಬಿಬ್ಬರ ಹೆಸರು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ತಿರುಗುವ ಚಹಾ ಕಪ್ಪುಗಳು ಅವರ ಕೈಕೆಲಸವೇ. ಒಂದು ದೊಡ್ಡ ತಿರುಗುತಟ್ಟೆ. ಅದರೊಳಗೆ ಮೂರು ಚಿಕ್ಕ ತಟ್ಟೆಗಳು. ಒಂದೊಂದರ ಮೇಲೂ ಆರು ಕಪ್ಪುಗಳು. ಕಪ್ಪಿನ ನಡುವಿನ ಚಕ್ರವನ್ನು ಕುಳಿತವರೇ ತಿರುಗಿಸಿದರೆ ಕಪ್ಪಿಗೂ ತನ್ನದೇ ಸುತ್ತು. ಒಂದೇ ಸಲಕ್ಕೆ ಮೂರು ಬಗೆಯ ತಿರುಗಾಟ. ಗ್ರಹಗಳ ಚಲನೆಯನ್ನು ವಿವರಿಸಲು ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗದು. ಹಾರುವ ಆನೆಮರಿ ‘ಡಂಬೊ’ ಆಟವೂ ಆರೋದವರದೇ. ಮೊದಲ ದಿನಕ್ಕೆ ಸಿದ್ಧವಾಗದೆ ಅದು ಆಗಸ್ಟ್‌ನಲ್ಲಿ ಸೇರಿಕೊಂಡಿತು. 1959ರಲ್ಲಿ ಇದೇ ಸಂಸ್ಥೆ ಮ್ಯಾಟರ್‌ಹಾರ್ನ್ ಪರ್ವತದ ಮಾದರಿಯೊಳಗೆ ಉಕ್ಕಿನ ಕೊಳವೆಗಳ ಹಳಿಯ ಮೇಲೆ ಓಡುವ ರೋಲರ್ ಕೋಸ್ಟರ್ ಕಟ್ಟಿತು. ಮರದ ಹಳಿಗಳ ಕಾಲ ಮುಗಿದದ್ದು ಅಲ್ಲಿಂದ. ಇಂದು ಜಗತ್ತಿನಲ್ಲಿ ತಲೆಕೆಳಗಾಗಿ ಓಡುವ ರೋಲರ್ ಕೋಸ್ಟರ್‌ಗಳೆಲ್ಲ ಒಂದರ್ಥದಲ್ಲಿ ಅದರ ಮಕ್ಕಳು, ಮೊಮ್ಮಕ್ಕಳು.

ಎಲ್ಲವೂ ಹೀಗೆ ಗೆದ್ದವು ಎಂದಲ್ಲ. ಮೊದಲ ದಿನ ಇದ್ದ ‘ಪ್ರಪಂಚದ ಕಾಲುವೆ ದೋಣಿಗಳು’ ಎಂಬ ಆಟದಲ್ಲಿ ಪ್ರಪಂಚದ ಅದ್ಭುತಗಳ ಪುಟ್ಟ ಮಾದರಿಗಳು ದಡದಲ್ಲಿರಬೇಕಿತ್ತು. ಹಣವೂ ಸಮಯವೂ ಸಾಲದೆ ಬರಿಯ ಮಣ್ಣಿನ ದಿಬ್ಬಗಳಿದ್ದವು. ಮೋಟಾರು ಕಾದು ದೋಣಿಗಳು ನಡುವೆಯೇ ನಿಲ್ಲುತ್ತಿದ್ದವು. ದೋಣಿ ನಡೆಸುವವರೇ ಅದಕ್ಕೆ ‘ಕೆಸರು ದಂಡೆಯ ಸವಾರಿ’ ಎಂದು ಅಡ್ಡಹೆಸರಿಟ್ಟರು. ಎರಡೇ ತಿಂಗಳಲ್ಲಿ ಅದನ್ನು ಮುಚ್ಚಿ, 1956ರಲ್ಲಿ ಕಥೆಗಳ ಪುಟಾಣಿ ಹಳ್ಳಿಗಳನ್ನು ನಿಲ್ಲಿಸಿ ಮತ್ತೆ ತೆರೆದರು. ಅದು ಈಗ ಉದ್ಯಾನದ ಅತ್ಯಂತ ಸೊಗಸಾದ ಮೂಲೆಗಳಲ್ಲೊಂದು. ನಿಜವಾದ ಕತ್ತೆ-ಕುದುರೆಗಳನ್ನು ನೆಚ್ಚಿದ ಆಟಗಳಿಗೆ ಆ ಭಾಗ್ಯವಿರಲಿಲ್ಲ. ಕುದುರೆ ಸಾರೋಟು ಕೆಲವೇ ವರ್ಷಗಳಲ್ಲಿ ನಿಂತಿತು. ಹೇಸರಗತ್ತೆಗಳ ಸಾಲು 1973ರವರೆಗೆ ಹೇಗೋ ನಡೆಯಿತು. ಜೀವವಿರುವ ಪ್ರಾಣಿಗೆ ಬೆದರುವ ಸ್ವಾತಂತ್ರ್ಯವಿದೆ, ಮರದ ಕುದುರೆಗೆ ಇಲ್ಲ.

ಟಿಕೆಟ್ಟಿನ ಮಾತೂ ಇಲ್ಲೇ ಬರಬೇಕು. 1955ರ ಅಕ್ಟೋಬರಿನಲ್ಲಿ ಎ, ಬಿ, ಸಿ ಎಂಬ ಚೀಟಿಗಳ ಪುಸ್ತಕ ಬಂತು. ಮುಂದೆ ಡಿ, 1959ರಲ್ಲಿ ಇ ಸೇರಿದವು. ಎ ಅಗ್ಗದ್ದು, ಇ ದುಬಾರಿ. ಮರದ ಕುದುರೆಗೆ ಎ ಚೀಟಿ ಸಾಕಾಗುತ್ತಿತ್ತು. 1982ರಲ್ಲಿ ಈ ಪದ್ಧತಿ ನಿಂತು ಒಂದೇ ಪ್ರವೇಶದರ ಬಂದರೂ ‘ಇ ಟಿಕೆಟ್’ ಎಂಬ ಮಾತು ಅಮೆರಿಕದ ಇಂಗ್ಲಿಷಿನಲ್ಲಿ ಉಳಿದುಕೊಂಡಿತು. 1983ರಲ್ಲಿ ಬಾಹ್ಯಾಕಾಶಕ್ಕೆ ಏರಿದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ತನ್ನ ಅನುಭವವನ್ನು ಬಣ್ಣಿಸಲು ಬಳಸಿದ್ದು ಇದೇ ಮಾತನ್ನು.

ಕಾಡಿನ ನದಿಯ ತಕರಾರು

ಹಳೆಯ ಆಟಗಳಲ್ಲಿ ಅತಿ ಹೆಚ್ಚು ಬದಲಾದದ್ದೂ ಅತಿ ಹೆಚ್ಚು ಚರ್ಚೆಯಾದದ್ದೂ ‘ಜಂಗಲ್ ಕ್ರೂಸ್’, ಎಂದರೆ ಕಾಡಿನ ನದಿಯ ದೋಣಿ ಪಯಣ. ಡಿಸ್ನಿಗೆ ಮೊದಲು ಬೇಕಿದ್ದದ್ದು ನಿಜವಾದ ಪ್ರಾಣಿಗಳು. ಹಗಲು ಹೊತ್ತು ಅವು ಪೊದೆಯಲ್ಲಿ ಮಲಗಿ ನಿದ್ರಿಸುತ್ತವೆ, ಕಾಸು ಕೊಟ್ಟು ಬಂದವರಿಗೆ ಕಾಣಿಸುವುದೇ ಇಲ್ಲ ಎಂದು ಬಲ್ಲವರು ಹೇಳಿದರು. ಹೀಗಾಗಿ ಕಿವಿಯಾಡಿಸುವ, ಬಾಯಿ ತೆರೆಯುವ ಯಂತ್ರಪ್ರಾಣಿಗಳು ಬಂದವು. ಕಾಡು ಮಾತ್ರ ನಿಜದ್ದು. ಬಿಲ್ ಇವಾನ್ಸ್ ಹಲವು ದೇಶಗಳ ಗಿಡಗಳನ್ನು ಒಟ್ಟಿಗೆ ನೆಟ್ಟ. ಕೆಲವು ಮರಗಳನ್ನು ಬುಡಮೇಲಾಗಿ ಹೂಳಿ, ಬೇರುಗಳೇ ವಿಚಿತ್ರ ಕೊಂಬೆಗಳಂತೆ ಕಾಣುವಂತೆ ಮಾಡಿದ. 1955ರ ಬೋಳು ಮಣ್ಣಿನ ಮೇಲೆ ಇವತ್ತು ನಿಜವಾಗಿಯೂ ಕಾಡು ಬೆಳೆದಿದೆ.

ಮೊದಮೊದಲು ದೋಣಿಯವನು ಗಂಭೀರವಾಗಿ ಪಾಠ ಹೇಳುತ್ತಿದ್ದ. ಅದು ನೀರಸವಾಯಿತು. ಒಮ್ಮೆ ಯಾರೋ ತಾಯಿ, ಇದನ್ನು ಹಿಂದೆಯೇ ನೋಡಿಯಾಗಿದೆ ಎಂದು ಮಗುವನ್ನು ಮುಂದಕ್ಕೆ ಎಳೆದೊಯ್ದದ್ದು ಡಿಸ್ನಿಯ ಕಿವಿಗೆ ಬಿತ್ತೆಂಬ ಕಥೆಯಿದೆ. ಕಾರ್ಟೂನ್ ಕಲಾವಿದ ಮಾರ್ಕ್ ಡೇವಿಸ್ ಬಂದು ಹಾಸ್ಯದ ದೃಶ್ಯಗಳನ್ನು ಬರೆದ. 1962ರಲ್ಲಿ ಸೇರಿದ, ಭಾರತದ ಆನೆಗಳು ಸ್ನಾನ ಮಾಡುವ ಮಡು ಆತನದೇ ಕಲ್ಪನೆ. ಕಬಿನಿಯ ಹಿನ್ನೀರಿನಲ್ಲಿ ಆನೆ ಹಿಂಡನ್ನು ಕಂಡವರಿಗೆ ಆ ಯಂತ್ರದಾನೆಗಳ ಸೊಂಡಿಲಿನ ಚಿಮ್ಮುವಿಕೆ ತೀರ ಶಿಸ್ತಿನದು ಎನ್ನಿಸಬಹುದು. ದೋಣಿಯವರ ಪಾಠ ಕ್ರಮೇಣ ಕೀಟಲೆಗೆ ತಿರುಗಿತು. ಈಗ ಜನ ಬರುವುದೇ ಅವರ ಸಪ್ಪೆ ಜೋಕುಗಳನ್ನು ಕೇಳಲು.

ತಕರಾರು ಇದ್ದದ್ದು ಪ್ರಾಣಿಗಳ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. ದಡದಲ್ಲಿ ಈಟಿ ಹಿಡಿದು ಕುಣಿಯುವ ‘ಕಾಡುಜನ’, ಮನುಷ್ಯರ ತಲೆಬುರುಡೆ ಮಾರುವ ವ್ಯಾಪಾರಿ, ಇವು ಆಫ್ರಿಕಾ, ಏಷ್ಯಾಗಳ ಬಗ್ಗೆ ಹಾಲಿವುಡ್ ಕಟ್ಟಿಕೊಂಡಿದ್ದ ಚಿತ್ರಗಳು. ಎಷ್ಟೋ ವರ್ಷ ಜನ ನಕ್ಕು ಮುಂದೆ ಸಾಗಿದರು. 2021ರ ಜನವರಿಯಲ್ಲಿ ಕಂಪೆನಿ ಈ ದೃಶ್ಯಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಜುಲೈ ಹೊತ್ತಿಗೆ ಅವು ಹೋಗಿದ್ದವು. ಬಾಲ್ಯದ ನೆನಪನ್ನು ಕೆಡಿಸಿದರೆಂದು ಕೆಲವರು ಸಿಟ್ಟಾದರು. ಬಾಲ್ಯದ ನೆನಪು ಎಲ್ಲರದೂ ಒಂದೇ ಅಲ್ಲವಷ್ಟೆ. ದೋಣಿಯಲ್ಲಿ ಕುಳಿತವರು ಬೇರೆ, ದಡದಲ್ಲಿ ಕುಣಿಯುವ ಬೊಂಬೆಯಲ್ಲಿ ತಮ್ಮ ಅಜ್ಜನ ಅಣಕವನ್ನು ಕಂಡವರು ಬೇರೆ. ಆಟ ಉಳಿಯಬೇಕಾದರೆ ಈ ಬೊಂಬೆಗಳು ಹೋಗಲೇಬೇಕಿತ್ತು.

ಎಲ್ಲ ಬದಲಾವಣೆಗಳನ್ನೂ ಇದೇ ತಕ್ಕಡಿಯಲ್ಲಿ ತೂಗಲಾಗದು. ಫ್ಲಾರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಉದ್ಯಾನದಲ್ಲಿಯೂ ಕಪ್ಪೆರಾಯನ ಸವಾರಿ ಇತ್ತು. ಅದನ್ನು ಮುಚ್ಚುವ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಆಟದ ಮುಂದೆಯೇ ಸೇರಿ ಪ್ರತಿಭಟಿಸಿದರು. ಪ್ರಯೋಜನವಾಗಲಿಲ್ಲ. 1998ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿ, ಹೆಚ್ಚು ಗೊಂಬೆ ಮಾರಾಟವಾಗುವ ಕರಡಿಮರಿ ‘ವಿನ್ನಿ’ಗೆ ಜಾಗ ಬಿಟ್ಟಿತು. ಅಲ್ಲಿಯ ಸ್ನೋ ವೈಟ್ ಕೂಡ 2012ರಲ್ಲಿ ಹೋಯಿತು. ಅನಾಹೈಮ್‌ನಲ್ಲಿ ಇವೆರಡೂ ಉಳಿದಿವೆ. ಕಾರಣ ಹೇಳುವುದು ಕಷ್ಟವಲ್ಲ. ಫ್ಲಾರಿಡಾದ ಉದ್ಯಾನ ತೆರೆಯುವ ಹೊತ್ತಿಗೆ, 1971ರಲ್ಲಿ, ಡಿಸ್ನಿ ತೀರಿಕೊಂಡು ಐದು ವರ್ಷವಾಗಿತ್ತು. ಆತ ನಡೆದಾಡಿದ, ತಾನೇ ನಿಂತು ಮಾಡಿಸಿದ ಆಟಗಳಿರುವುದು ಅನಾಹೈಮ್‌ನಲ್ಲಿ ಮಾತ್ರ. ಅಲ್ಲಿಯೂ ಎಲ್ಲವೂ ಭದ್ರವಲ್ಲ. ಮಕ್ಕಳು ಗುದ್ದಿಕೊಂಡು ಓಡಿಸುವ ಆಟೋಪಿಯ ಕಾರುಗಳು ಪೆಟ್ರೋಲನ್ನು ಬಿಟ್ಟು ವಿದ್ಯುತ್ತಿಗೆ ತಿರುಗಲಿವೆ ಎಂದು 2024ರಲ್ಲಿ ಪ್ರಕಟವಾಯಿತು. ಭವಿಷ್ಯದ ನೋಟವಾಗಿ ಶುರುವಾದ ಪೆಟ್ರೋಲ್ ಕಾರು ತನ್ನ ಹೊಗೆಯಿಂದಲೇ ಹಳೆಯ ಕಾಲದ್ದಾಯಿತು.

2025ರ ಜುಲೈನಲ್ಲಿ ಡಿಸ್ನಿಲ್ಯಾಂಡಿಗೆ 70 ತುಂಬಿತು. ಅದೇ ತಿಂಗಳು ಫ್ಲಾರಿಡಾದಲ್ಲಿ ಹಬೆದೋಣಿ ಓಡುತ್ತಿದ್ದ ನದಿಯನ್ನು ಮುಚ್ಚಿದರು. ಆ ಜಾಗ ‘ಕಾರ್ಸ್’ ಎಂಬ ಸಿನಿಮಾದ ಆಟಗಳಿಗೆ ಮೀಸಲಾಗಿದೆ. ಅನಾಹೈಮ್‌ನ ನದಿಯಲ್ಲಿ ‘ಮಾರ್ಕ್ ಟ್ವೇನ್’ ಇನ್ನೂ ಸುತ್ತುತ್ತಿದೆ. 105 ಅಡಿ ಉದ್ದದ ಈ ದೋಣಿಯನ್ನು ಕಟ್ಟುವಾಗ, ಮೊದಲ ಸಲ ತುಂಬಿಸಿದ ನೀರೆಲ್ಲ ಮರಳು ನೆಲದಲ್ಲಿ ಇಂಗಿಹೋಗಿ, ನದಿಯ ತಳಕ್ಕೆ ಜೇಡಿಮಣ್ಣು ಮೆತ್ತಬೇಕಾಗಿ ಬಂದಿತ್ತು. ಉದ್ಯಾನ ತೆರೆಯುವುದಕ್ಕೆ ನಾಲ್ಕು ದಿನ ಮುಂಚೆ, ಜುಲೈ 13ರಂದು, ಡಿಸ್ನಿ ದಂಪತಿ ತಮ್ಮ ಮದುವೆಯ ಮೂವತ್ತನೆಯ ವರ್ಷದ ಸಮಾರಂಭವನ್ನು ಅದರ ಮೇಲೆಯೇ ಇಟ್ಟುಕೊಂಡರು. ಅತಿಥಿಗಳು ಬರುವ ಮುನ್ನ ದೋಣಿಯ ತುಂಬ ಕಸ ಬಿದ್ದಿರುವುದನ್ನು ಕಂಡು ಲಿಲಿಯನ್ ತಾನೇ ಪೊರಕೆ ಹಿಡಿದಳು. ನಿರ್ಮಾಣದ ಹೊಣೆ ಹೊತ್ತಿದ್ದ ನಿವೃತ್ತ ನೌಕಾದಳಾಧಿಕಾರಿ ಜೋ ಫೌಲರ್ ಜೊತೆಗೂಡಿ ಗುಡಿಸಿದ.

ನೀರಿನಡಿಯಲ್ಲಿ ಒಂದು ಹಳಿ ಇದೆ. ದೋಣಿ ಅದನ್ನು ಬಿಟ್ಟು ಅತ್ತಿತ್ತ ಹೋಗಲಾರದು. ಆದರೂ ಮೇಲಂತಸ್ತಿನ ಚುಕ್ಕಾಣಿ ಕೋಣೆಯಲ್ಲಿ ಒಂದು ದೊಡ್ಡ ಚಕ್ರವಿದೆ. ಕೇಳಿಕೊಂಡು ಬಂದ ಮಕ್ಕಳನ್ನು ನಾವಿಕ ಒಳಗೆ ಬಿಟ್ಟುಕೊಂಡು, ಚಕ್ರ ತಿರುಗಿಸಲು ಕೊಡುತ್ತಾನೆ, ಗಂಟೆ ಬಾರಿಸಲು ಬಿಡುತ್ತಾನೆ. ದಡ ಸೇರಿದ ಮೇಲೆ, ದೋಣಿಯನ್ನು ಸುರಕ್ಷಿತವಾಗಿ ನಡೆಸಿದ್ದಕ್ಕೆ ಒಂದು ಪ್ರಮಾಣಪತ್ರವನ್ನೂ ಬರೆದುಕೊಡುತ್ತಾನೆ.